ಸೈಕಲ್ ಕಡ್ಡಿಯ ಪಿನ್ನು

ಆ ಕೆಂಪು ಬೈಕು ಗ್ಯಾರೇಜಿಗೆ ಬಂದು ಮೂರು ದಿನವಾಗಿತ್ತು. ಮೂರು ದಿನದಿಂದಲೂ ಅಪ್ಪ ಅದಕ್ಕೆ ಬೆನ್ನು ಹಾಕಿಯೇ ಕೂತಿದ್ದರು.

ಇದು ಸಣ್ಣ ಸಂಗತಿಯಲ್ಲ. ನಲವತ್ತು ವರ್ಷ ಗಾಡಿಗಳ ಹೊಟ್ಟೆ ಬಗೆದು ಬದುಕಿದ ಮನುಷ್ಯ ಅವರು, ಊರಿಗೆಲ್ಲ ಮೇಸ್ತ್ರಿ. ಕಣ್ಣಿಗೆ ಪೊರೆ ಬಂದು, ಕೈ ನಡುಗಲು ಹಿಡಿದು, ಸ್ಪ್ಯಾನರು ಕೆಳಗಿಟ್ಟ ಮೇಲೂ ಬಾಗಿಲ ಪಕ್ಕದ ಬೆಂಚು ಬಿಟ್ಟವರಲ್ಲ. ಹೊಸ ಗಾಡಿಯೊಂದು ಒಳಗೆ ಬಂತೆಂದರೆ ಸಾಕು, ಎದ್ದು ಬಂದು ಟ್ಯಾಂಕಿನ ಮೇಲೆ ಕೈಯಾಡಿಸಿ, ಯಾರದು, ಎಷ್ಟು ಓಡಿದೆ, ಎಲ್ಲೆಲ್ಲಿ ಬಿದ್ದೆದ್ದಿದೆ ಎಂದು ಪೊಲೀಸರಿಗಿಂತ ಹೆಚ್ಚು ವಿಚಾರಣೆ ಮಾಡುತ್ತಿದ್ದರು. ಅಂಥವರು ಈ ಗಾಡಿ ಕೆಮ್ಮುತ್ತ ಒಳಗೆ ಬಂದು ನಿಂತಾಗ ತುಟಿ ಪಿಟಕ್ಕೆನ್ನಲಿಲ್ಲ. ಬೆಂಚನ್ನು ದರದರ ಎಳೆದು ರಸ್ತೆಯ ಕಡೆಗೆ ತಿರುಗಿಸಿಕೊಂಡರು, ಅಷ್ಟೆ.

ಮಗಳು ನೋಡಿದಳು, ಸುಮ್ಮನಾದಳು. ಸುಮ್ಮನಾಗುವುದು ಆ ಮನೆಯ ಹಳೆಯ ರೋಗ. ಜಗಳವಾಡಿದ್ದರೆ ಎಲ್ಲರೂ ಸುಖವಾಗಿರುತ್ತಿದ್ದರು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಈ ಮಗಳನ್ನು ಬೀದಿಯವರು ಗ್ಯಾರೇಜಿನ ಅಕ್ಕ ಎನ್ನುತ್ತಾರೆ. ನಾವೂ ಅಕ್ಕ ಎಂದೇ ಕರೆಯೋಣ. ತಪ್ಪೇನಿಲ್ಲ, ಬೀದಿಯ ಅರ್ಧ ಗಾಡಿಗಳು ಓಡುತ್ತಿರುವುದು ಅವಳ ಕೈಗುಣದಿಂದ. ಗಂಡ ಲಾರಿ ಡ್ರೈವರು. ತಿಂಗಳಲ್ಲಿ ಇಪ್ಪತ್ತು ದಿನ ಮನೆಯಲ್ಲಿರುವುದಿಲ್ಲ, ಉಳಿದ ಹತ್ತು ದಿನ ಮಲಗಿರುತ್ತಾನೆ. ಈ ಸಲ ಲೋಡಿಗೆ ಹೊರಡುವ ಮುಂಚೆ ಪೇಟೆಯ ಹಳೇ ಗಾಡಿಗಳ ಅಂಗಡಿಯಿಂದ ಈ ಕೆಂಪು ಬೈಕನ್ನು ತಂದು ನಿಲ್ಲಿಸಿ, "ತಂಗಿಗೆ. ಕಾರ್ಬೊರೇಟರ್ ಒಂದು ನೋಡಿಬಿಡು, ಉಳಿದಿದ್ದೆಲ್ಲ ಗಟ್ಟಿ ಇದೆ," ಎಂದು ಹೇಳಿ ಹೋಗಿದ್ದ.

ತಂಗಿಯೆಂದರೆ ಗುಬ್ಬಿ, ಅಕ್ಕನ ನಾದಿನಿ. ಆಳು ಸಣ್ಣ, ಕೂತಲ್ಲಿ ಕೂರುವುದಿಲ್ಲ, ಬಾಯಿ ಮುಚ್ಚುವುದಿಲ್ಲ. ಅದಕ್ಕೇ ಆ ಹೆಸರು. ಅಕ್ಕನನ್ನು ಮದುವೆಯಾದ ಅಣ್ಣನ ಕೈ ಹಿಡಿದು ಈ ಮನೆಗೆ ಬಂದಾಗ ಅವಳಿಗೆ ಆರು ವರ್ಷ, ತಾಯಿ ತೀರಿಕೊಂಡು ಮೂರು ತಿಂಗಳು. ತಲೆ ಬಾಚಿದ್ದು, ಜ್ವರ ಬಂದರೆ ರಾತ್ರಿಯೆಲ್ಲ ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದು, ಹದಿನೆಂಟಾದ ಮೇಲೆ ಬೈಕ್ ಕಲಿಸಿದ್ದು, ಎಲ್ಲ ಅಕ್ಕನೇ. ಅಕ್ಕನಿಗೆ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿಲ್ಲ. ಗುಬ್ಬಿ ಇದ್ದುದರಿಂದ ಅದೊಂದು ಕೊರತೆ ಎಂದು ಅವಳಿಗೆ ಯಾವತ್ತೂ ಅನ್ನಿಸಿರಲಿಲ್ಲ.

ಈಗ ಗುಬ್ಬಿ ನರ್ಸು. ಗುಡ್ಡದ ಆಚೆ ಬದಿಯ ಸಣ್ಣ ಆರೋಗ್ಯ ಕೇಂದ್ರದ ಬೀಗದ ಕೈ ಅವಳ ಬಳಿಯೇ ಇರುತ್ತದೆ; ಅವಳು ಹೋಗಿ ತೆಗೆದರೆ ಬಾಗಿಲು ತೆರೆಯುತ್ತದೆ, ಇಲ್ಲದಿದ್ದರೆ ಇಲ್ಲ. ಬೆಳಗಿನ ಬಸ್ಸು ಹೋದ ತಿಂಗಳಿಂದ ನಿಂತುಹೋಗಿತ್ತು. ಗುಡ್ಡ ಹತ್ತುವುದೇನೋ ಸಲೀಸು, ಎಂಥ ಮುದಿ ಗಾಡಿಯೂ ಏದುಸಿರು ಬಿಟ್ಟುಕೊಂಡು ಹತ್ತುತ್ತದೆ. ಇಳಿಯುವುದೇ ಕಷ್ಟ. ನೆತ್ತಿ ದಾಟಿದ ಮೇಲೆ ಒಂಬತ್ತು ತಿರುವು, ಒಂದು ಬದಿಗೆ ಮಣ್ಣಿನ ದಿಣ್ಣೆ, ಇನ್ನೊಂದು ಬದಿಗೆ ಮೊಣಕಾಲೆತ್ತರದ ಕಟ್ಟೆ, ಕಟ್ಟೆಯಾಚೆ ಬರೀ ಗಾಳಿ. ಆ ಒಂಬತ್ತು ತಿರುವಿನಲ್ಲಿ ಗಾಡಿ ಅವಳ ಮಾತು ಕೇಳಬೇಕು. ಅಕ್ಕನಿಗೆ ಬೇಕಾಗಿದ್ದು ಅಷ್ಟೇ.

ಸೋಮವಾರ ಬೆಳಗ್ಗೆ ಎಂಟಕ್ಕೆಲ್ಲ ಅಕ್ಕ ಕಾರ್ಬೊರೇಟರಿಗೆ ಕೈ ಹಾಕಿದಳು. ಒಂಬತ್ತಕ್ಕೆ ಗುಬ್ಬಿ ಹೊರಡಬೇಕು. ಪೆಟ್ರೋಲ್ ನಲ್ಲಿ ಮುಚ್ಚಿದಳು, ಪೈಪು ಕಿತ್ತಳು, ಮೇಲಿನ ಮುಚ್ಚಳ ತಿರುಗಿಸಿ ಸ್ಲೈಡನ್ನು ಕೇಬಲ್ ಸಮೇತ ಎಳೆದು ತೆಗೆದಳು. ಸ್ಲೈಡೆಂದರೆ ಹೆಬ್ಬೆರಳು ಗಾತ್ರದ ಒಂದು ಲೋಹದ ಕೊಳವೆ. ಕೈಯಲ್ಲಿ ರೈಸ್ ಕೊಟ್ಟರೆ ಅದು ಮೇಲೇಳುತ್ತದೆ, ಎಂಜಿನ್ನು ಕೂಗುತ್ತದೆ. ಕೈ ಬಿಟ್ಟರೆ ಸ್ಪ್ರಿಂಗು ಅದನ್ನು ಕೆಳಕ್ಕೆ ತಳ್ಳುತ್ತದೆ, ಎಂಜಿನ್ನು ಸುಮ್ಮನಾಗುತ್ತದೆ. ಅದನ್ನು ಆಮೇಲೆ ನೋಡಿದರಾಯಿತೆಂದು ಬಟ್ಟೆ ಸುತ್ತಿ ಟ್ಯಾಂಕಿನ ಮೇಲೆ ಮಲಗಿಸಿ, ಉಳಿದ ಕಾರ್ಬೊರೇಟರನ್ನು ಬಿಚ್ಚಿ ಮೇಜಿಗೆ ತಂದಳು.

ಬೀದಿಯಲ್ಲಿ ಹಾರ್ನು ಕೇಳಿಸಿತು. ಮೊಟ್ಟೆಯವನು. ಹಿಂದಿನ ಸೀಟಿನ ಮೇಲೆ ಮೊಟ್ಟೆಯ ಟ್ರೇಗಳನ್ನು ಆಳೆತ್ತರ ಪೇರಿಸಿಕೊಂಡು ಅವನು ದಿನಾ ಇದೇ ಹೊತ್ತಿಗೆ ಹೋಗುತ್ತಾನೆ. ನಿಲ್ಲುವುದಿಲ್ಲ, ಬ್ರೇಕು ಹಾಕಿದಷ್ಟೂ ಮೊಟ್ಟೆ ಒಡೆಯುತ್ತವೆ ಎಂಬುದು ಅವನ ಲೆಕ್ಕಾಚಾರ. ಎಡಗೈ ಎತ್ತಿ ಬೀಸಿ, "ಅಕ್ಕಾ, ಗಾಡಿ ಬೆಣ್ಣೆ ಬೆಣ್ಣೆ!" ಎಂದು ಕೂಗಿ ಹೋಗಿಬಿಡುತ್ತಾನೆ. ಅಪ್ಪನ ಸಹಾಯವಿಲ್ಲದೆ ಅಕ್ಕ ಒಬ್ಬಳೇ ಕಾರ್ಬೊರೇಟರ್ ರಿಪೇರಿ ಮಾಡಿದ ಮೊದಲ ಗಾಡಿ ಅವನದು. ಮೂರು ವರ್ಷದಿಂದ ಅವನು ಸಿಕ್ಕಸಿಕ್ಕವರ ಹತ್ತಿರ ಅದನ್ನು ಹೊಗಳುತ್ತಿದ್ದ, ಅಕ್ಕನೂ ಉಬ್ಬುತ್ತಿದ್ದಳು. ಅವಳೂ ಕೈ ಬೀಸಿದಳು.

ಬೌಲಿನ ಸ್ಕ್ರೂ ಬಿಚ್ಚಿದಳು. ಬೌಲೆಂದರೆ ಕೆಳಗಿನ ಬಟ್ಟಲು, ಪೆಟ್ರೋಲ್ ಬಂದು ನಿಲ್ಲುವ ಜಾಗ. ಹಳೇ ಪೆಟ್ರೋಲ್ ಒಣಗಿ ಅಂಟಂಟಾಗಿ ಹಿಡಿದಿತ್ತು. ಬಟ್ಟೆಯಿಂದ ಒರೆಸಿದವಳ ಕೈ ತಡೆಯಿತು. ಬೌಲಿನ ತಳದಲ್ಲಿ ಮೊಳೆಯಿಂದ ಗೀಚಿದ ಮೂರು ಗೆರೆ: ಕಾಗೆಯ ಕಾಲು.

"ಅಪ್ಪಾ! ಇದು ನಮ್ಮಲ್ಲೇ ರಿಪೇರಿಯಾಗಿದ್ದು! ನಿನ್ನ ಕಾಗೆಕಾಲು ಇದೆ ನೋಡು!"

ಗ್ಯಾರೇಜಿನಲ್ಲಿ ಬಿಚ್ಚಿದ ಪ್ರತಿ ಕಾರ್ಬೊರೇಟರಿನ ಹೊಟ್ಟೆಯೊಳಗೆ ಮೇಸ್ತ್ರಿ ಕಾಗೆಕಾಲು ಗೀಚುವುದು ವಾಡಿಕೆ. ಯಾರಿಗೂ ಕಾಣುವುದಿಲ್ಲ, ಮುಂದೆ ಬಿಚ್ಚಿದವನಿಗೆ ಮಾತ್ರ, ಇದು ಯಾರ ಕೈಕೆಲಸ ಎಂದು ಗೊತ್ತಾಗುತ್ತದೆ. ಅಕ್ಕ ತನ್ನ ಕೆಲಸಕ್ಕೆ ಕಾಗೆಕಾಲಿನ ಕೆಳಗೊಂದು ಚುಕ್ಕೆ ಸೇರಿಸುತ್ತಾಳೆ. ಇದರಲ್ಲಿ ಚುಕ್ಕೆ ಇರಲಿಲ್ಲ.

ಅಪ್ಪ ತಿರುಗಲಿಲ್ಲ. "ನಂದಲ್ಲ," ಎಂದರು.

"ನಿಂದಲ್ಲದೆ ಇನ್ಯಾರದು? ಮುಟ್ಟಿ ನೋಡು ಬೇಕಾದ್ರೆ."

"ನಂದಲ್ಲ ಅಂದ್ನಲ್ಲ."

ಅಕ್ಕನಿಗೆ ನಗು ಬಂತು. ಅಪ್ಪ ಸುಳ್ಳು ಹೇಳಿದ್ದನ್ನು ಅವಳು ಕಂಡಿರಲಿಲ್ಲವಾದ್ದರಿಂದ ಅದು ಸುಳ್ಳೆಂದು ಅವಳಿಗೆ ಹೊಳೆಯಲಿಲ್ಲ, ಮರೆವು ಎಂದುಕೊಂಡಳು. ಸ್ವಲ್ಪ ಹೊತ್ತಾದ ಮೇಲೆ ಅಪ್ಪನೇ ಕೇಳಿದರು. "ಆ ಗಾಡಿ ಯಾವ ಬಣ್ಣ?"

"ಕೆಂಪು. ಹೊಸದಾಗಿ ಹೊಡೆಸಿದ್ದಾರೆ."

"ಕೆಂಪಿನ ಕೆಳಗೆ?"

ಅಕ್ಕ ಸ್ಕ್ರೂಡ್ರೈವರಿನ ತುದಿಯಿಂದ ಟ್ಯಾಂಕಿನ ಅಡಿಯಲ್ಲಿ, ಕಾಣದ ಕಡೆ, ಉಗುರಿನಷ್ಟು ಕೆರೆದಳು. "ನೀಲಿ."

ಅಪ್ಪನ ಬೆನ್ನು ಒಂದಿಷ್ಟು ಬಗ್ಗಿದಂತಾಯಿತು. ನಡುಗುವ ಕೈಗಳೆರಡನ್ನೂ ತೊಡೆಗಳ ನಡುವೆ ಸಿಕ್ಕಿಸಿಕೊಂಡರು. ಅಕ್ಕ ಅದನ್ನು ನೋಡಿದಳು. ಆ ಕ್ಷಣದಲ್ಲಿ ಸ್ಪ್ಯಾನರು ಕೆಳಗಿಟ್ಟು ಎದುರಿಗೆ ಹೋಗಿ ನಿಂತು, ಏನದು ಹೇಳು ಎಂದು ಕೇಳಿದ್ದರೆ! ಕೇಳಲಿಲ್ಲ. ಗಡಿಯಾರ ಒಂಬತ್ತಕ್ಕೆ ಐದು ನಿಮಿಷ ತೋರಿಸುತ್ತಿತ್ತು, ಗುಬ್ಬಿ ಒಳಮನೆಯಿಂದ ಬಿರುಗಾಳಿಯಂತೆ ಬಂದಳು.

"ಅತ್ತಿಗೆ, ನನ್ನ ರಥ ರೆಡೀನಾ?" ಬಿಳಿ ಯೂನಿಫಾರ್ಮು, ಹೆಗಲಿಗೆ ಬ್ಯಾಗು. ಮೇಜಿನ ಮೇಲೆ ಹರಡಿದ್ದ ಸಾಮಾನು ನೋಡಿ ಹಣೆ ಚಚ್ಚಿಕೊಂಡಳು. "ಅಯ್ಯೋ, ಪೋಸ್ಟ್‌ಮಾರ್ಟಮ್ ಮಾಡಿಟ್ಟಿದ್ದೀರಲ್ಲ!"

"ಅರ್ಧ ಗಂಟೆ ತಾಳು, ಜೋಡಿಸಿ ಕೊಡ್ತೀನಿ."

"ಅರ್ಧ ಗಂಟೆ ಅಂದ್ರೆ ನಿಮ್ಮದು ಒಂದೂವರೆ. ಅಲ್ಲಿ ಮಕ್ಕಳನ್ನ ಎತ್ಕೊಂಡು ಬಾಗಿಲಲ್ಲಿ ಕೂತಿರ್ತಾರೆ."

ಆಗ ಅಪ್ಪ ಮಾತಾಡಿದರು. ದನಿ ಗಟ್ಟಿಯಾಗಿತ್ತು, ಹಳೆಯ ಮೇಸ್ತ್ರಿಯ ದನಿ. "ಈ ಗಾಡಿ ಅವಳಿಗೆ ಬೇಡ. ಇವತ್ತೂ ಬೇಡ, ನಾಳೆನೂ ಬೇಡ. ನಮ್ಮ ಕರಿಯನ್ನ ಕೊಟ್ಟು ಕಳಿಸು."

ಕರಿಯ ಎಂದರೆ ಮನೆಯ ಹಳೆಯ ಕಪ್ಪು ಬೈಕು. ಅಕ್ಕ ಸಾಮಾನು ತರಲು ಓಡಾಡುವ ಗಾಡಿ. ಅಕ್ಕನಿಗೂ ಅದೇ ಸರಿ ಎನ್ನಿಸಿತು. ಅಪ್ಪನ ಆ ದನಿ ಕೇಳಿದ ಮೇಲೆ ಕೆಂಪು ಗಾಡಿಯನ್ನು ಗುಬ್ಬಿಯ ಕೈಗೆ ಕೊಡಲು ಅವಳಿಗೂ ಮನಸ್ಸಿರಲಿಲ್ಲ. ಮೊಳೆಯಲ್ಲಿ ತೂಗುತ್ತಿದ್ದ ಬೀಗದ ಕೈ ತೆಗೆದು ಎಸೆದಳು. ಗುಬ್ಬಿ ಗಾಳಿಯಲ್ಲೇ ಹಿಡಿದಳು.

ಗುಬ್ಬಿ ಕರಿಯನ ಮೇಲೆ ಹತ್ತಿ, ಒದ್ದು, ಎರಡು ಸಲ ರೈಸ್ ಮಾಡಿ ನಕ್ಕಳು. "ಅತ್ತಿಗೆ, ನಿಮ್ಮ ಕರಿಯ ಈಚೆಗೆ ನಿಮ್ಮ ಥರಾನೇ ಆಗಿದ್ದಾನೆ. ಕೈ ಬಿಟ್ಟ ಮೇಲೂ ಒಂದು ಗಳಿಗೆ ಕೂಗ್ತಾನೇ ಇರ್ತಾನೆ!"

"ಹೋಗ್ತೀಯೋ ಇಲ್ವೋ," ಎಂದು ಅಕ್ಕ ಎಣ್ಣೆಬಟ್ಟೆ ಎಸೆದಳು. ಗುಬ್ಬಿ ತಪ್ಪಿಸಿಕೊಂಡು, ನಗುತ್ತಲೇ ಬೀದಿಯ ತುದಿಯಲ್ಲಿ ತಿರುಗಿ ಮರೆಯಾದಳು. ಗ್ಯಾರೇಜು ಒಮ್ಮೆಲೇ ಖಾಲಿಯಾದಂತಾಯಿತು.

ಅಕ್ಕ ಕೆಲಸಕ್ಕೆ ಕೂತಳು. ಜೆಟ್ಟುಗಳನ್ನು ಬಿಚ್ಚಿ ತಟ್ಟೆಯಲ್ಲಿ ಪೆಟ್ರೋಲ್ ಹಾಕಿ ನೆನೆಸಿದಳು. ಸೂಜಿಯ ಮೊನೆಯಷ್ಟೇ ತೂತಿರುವ ಹಿತ್ತಾಳೆಯ ಸ್ಕ್ರೂಗಳು ಅವು; ತಾಮ್ರದ ಎಳೆಯೊಂದನ್ನು ಒಳಗೆ ತೂರಿಸಿ, ಕಾಲಿನ ಪಂಪಿನಿಂದ ಗಾಳಿ ಹೊಡೆದು, ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ತೂತಿನಾಚೆ ಬೆಳಕು ದುಂಡಗೆ ಕಂಡಿತು. ಇನ್ನು ಸ್ಲೈಡು. ಬಟ್ಟೆ ಬಿಚ್ಚಿ ಕೈಗೆ ತೆಗೆದುಕೊಂಡಳು.

ಸ್ಲೈಡಿನ ಪಕ್ಕೆಯಲ್ಲಿ ಉದ್ದಕ್ಕೆ ಕೊರೆದ ಗೆರೆಯೊಂದು ಇರುತ್ತದೆ. ಕಾರ್ಬೊರೇಟರಿನ ಗೋಡೆಯಿಂದ ಹೊರಚಾಚಿದ ಅಕ್ಕಿಕಾಳಿನಷ್ಟು ಪಿನ್ನೊಂದು ಆ ಗೆರೆಯಲ್ಲಿ ಕೂತು, ಸ್ಲೈಡು ಸುತ್ತ ತಿರುಗದಂತೆ ಹಿಡಿದಿರುತ್ತದೆ. ಆ ಪಿನ್ನು ಸಡಿಲವಾಗಿ ಬಿದ್ದರೆ ಇಡೀ ಕಾರ್ಬೊರೇಟರ್ ಬದಲಾಯಿಸಬೇಕು ಎಂದು ಬೇರೆ ಗ್ಯಾರೇಜಿನವರು ಹೇಳುತ್ತಾರೆ. ಮೇಸ್ತ್ರಿ ಮಾತ್ರ ಸೈಕಲ್ ಚಕ್ರದ ಕಡ್ಡಿಯನ್ನು ಚೂರು ಕತ್ತರಿಸಿ, ಅರದಲ್ಲಿ ತೀಡಿ, ಅದೇ ತೂತಿಗೆ ಬಡಿದು ಕೂರಿಸಿಬಿಡುತ್ತಿದ್ದರು. ಊರಲ್ಲಿ ಇನ್ನಾರಿಗೂ ಬಾರದ ಕಸುಬು. ಈ ಗಾಡಿಯಲ್ಲೂ ಅಂಥದೇ ಪಿನ್ನಿತ್ತು, ಮಿರಮಿರ ಮಿಂಚುತ್ತಿತ್ತು. ಆದರೆ ಸ್ಲೈಡಿನ ಗೆರೆ ನೋಡಿ ಅಕ್ಕ ಹುಬ್ಬು ಗಂಟಿಕ್ಕಿದಳು. ಗೆರೆಯ ಒಂದು ಅಂಚು ಇಲಿ ಕಡಿದಂತೆ ಸವೆದು, ಮೇಲ್ಗಡೆ ಚೂಪು ಮುಳ್ಳೊಂದು ಎದ್ದಿತ್ತು. ಬೆರಳಾಡಿಸಿದರೆ ಚರ್ಮಕ್ಕೆ ಸಿಕ್ಕಿಕೊಂಡಿತು.

"ಕಡ್ಡಿ ಉಕ್ಕು," ಎಂದರು ಅಪ್ಪ. ಯಾವಾಗ ಎದ್ದು ಬಂದರೋ, ಅವಳ ಹೆಗಲ ಹಿಂದೆ ನಿಂತಿದ್ದರು. "ಸ್ಲೈಡು ಮೆತ್ತಗಿನ ಲೋಹ. ಕಡ್ಡಿ ಅದನ್ನ ದಿನಾ ಒಂದಿಷ್ಟು ತಿನ್ನುತ್ತೆ. ವರ್ಷ, ಎರಡು ವರ್ಷ, ಏನೂ ಗೊತ್ತಾಗಲ್ಲ. ಆಮೇಲೆ ಒಂದಿನ ಮುಳ್ಳು ಏಳುತ್ತೆ. ಸ್ಲೈಡು ಮೇಲೆ ಹೋಗಿದ್ದು ಕೆಳಗೆ ಬರಲ್ಲ."

"ನಿಂಗೆ ಹೇಗೆ ಗೊತ್ತು?"

ಅಪ್ಪ ಸ್ಟೂಲಿನ ಮೇಲೆ ಕುಸಿದು ಕೂತರು. ನಾಲ್ಕು ವರ್ಷ ಬಾಯಿಗೆ ಹಾಕಿದ್ದ ಬೀಗ ಆಗ ಬಿಚ್ಚಿತು.

"ಸರ್ವೇಯರ್ ಇದ್ರಲ್ಲ, ನೀಲಿ ಗಾಡಿಯವರು. ಇದು ಅವರದೇ, ಬಂದ ದಿನಾನೇ ಸದ್ದಲ್ಲಿ ಗೊತ್ತಾಯ್ತು."

ಅಕ್ಕನಿಗೆ ನೆನಪಿತ್ತು. ಜಮೀನು ಅಳೆಯುವ ಮನುಷ್ಯ, ಮೆತ್ತಗಿನ ಮಾತು. ಗುಡ್ಡದ ಇಳಿಜಾರಿನ ಮೂರನೇ ತಿರುವಿನಲ್ಲಿ ಕಟ್ಟೆ ಒಡೆದುಕೊಂಡು ಹೋಗಿ ತೀರಿಕೊಂಡಿದ್ದರು. ಅತಿ ವೇಗ ಎಂದು ಜನ ಆಡಿಕೊಂಡರು. ನಲವತ್ತು ದಾಟಿ ಓಡಿಸದ ಮನುಷ್ಯನಿಗೆ ಅದೇನು ಬುದ್ಧಿ ಬಂತೋ ಎಂದು ಅಕ್ಕನೂ ಅಂದಿದ್ದಳು.

"ಗಾಡಿ ಪೊಲೀಸ್ ಸ್ಟೇಷನ್ ಅಂಗಳಕ್ಕೆ ತಂದು ಹಾಕಿದ್ರು. ಬ್ರೇಕ್ ಸರಿ ಇತ್ತಾ ನೋಡಿ ಹೇಳು ಮೇಸ್ತ್ರಿ ಅಂತ ಕರೆಸಿದ್ರು. ಬ್ರೇಕ್ ನೋಡಿದೆ, ಸರಿ ಇತ್ತು. ಆಮೇಲೆ ಯಾಕೋ ಇದರ ಮುಚ್ಚಳ ತೆಗೆದೆ. ಸ್ಲೈಡು ಮೇಲೇ ನಿಂತಿತ್ತು. ಪೂರ್ತಿ ಮೇಲೆ. ನನ್ನ ಪಿನ್ನಿಗೆ ಸಿಕ್ಕಿಹಾಕಿಕೊಂಡು." ಅಪ್ಪ ತಮ್ಮ ಬಲಗೈ ಹೆಬ್ಬೆರಳನ್ನು ಎತ್ತಿ ಅದನ್ನೇ ನೋಡಿದರು. "ಈ ಬೆರಳಿಂದ ಕೆಳಕ್ಕೆ ಒತ್ತಿಬಿಟ್ಟೆ. ಟಪ್ ಅಂತ ಇಳೀತು. ಮುಚ್ಚಳ ಹಾಕಿ, ಎಲ್ಲ ಸರಿ ಇದೆ ಸಾರ್, ಅವರದೇ ತಪ್ಪಿರಬೇಕು, ಅಂದೆ."

ಅಕ್ಕನಿಗೆ ಅಪ್ಪನ ಮೇಲೆ ಅಸಹ್ಯವಾಯಿತು, ಅದೇ ಉಸಿರಿನಲ್ಲಿ ಅವರನ್ನು ತಬ್ಬಿಕೊಂಡು ಅಳಬೇಕೆನ್ನಿಸಿತು. ಎರಡನ್ನೂ ಮಾಡಲಿಲ್ಲ.

"ಅವತ್ತಿಂದ ಕಡ್ಡಿ ಮುಟ್ಟಿಲ್ಲ ನಾನು," ಎಂದರು ಅಪ್ಪ. "ಹೊಸ ಕಾರ್ಬೊರೇಟರ್ ತನ್ನಿ ಅಂತ ಎಲ್ಲರಿಗೂ ಹೇಳಿ ಕಳಿಸ್ತಿದ್ದೆ. ನಿನ್ನ ಮುಂದೇನೇ ಹೇಳ್ತಿದ್ನಲ್ಲ."

ಹೇಳುತ್ತಿದ್ದರು, ನಿಜ. ಯಾಕೆಂದು ಮಾತ್ರ ಹೇಳಿರಲಿಲ್ಲ. ಅಪ್ಪನಿಗೆ ವಯಸ್ಸಾಯಿತು, ಕೈಯಲ್ಲಿ ಕಸುಬಿದ್ದೂ ಗಿರಾಕಿಗಳನ್ನು ಬರಿಗೈಯಲ್ಲಿ ಕಳಿಸುತ್ತಿದ್ದಾರೆ ಎಂದು ಅಕ್ಕ ಒಳಗೊಳಗೇ ಬೇಯುತ್ತಿದ್ದಳು. ಕಡೆಗೊಂದು ದಿನ, ಅಪ್ಪ ಊಟಕ್ಕೆಂದು ಒಳಗೆ ಹೋದಾಗ, ಮೊಟ್ಟೆಯವನ ಗಾಡಿಗೆ ತಾನೇ ಕಡ್ಡಿ ಕತ್ತರಿಸಿ ಕೂರಿಸಿದ್ದಳು. ಬೈಯುತ್ತಾರೆಂದು ಹೇಳಲಿಲ್ಲ. ಅಪ್ಪನ ಕಣ್ಣು ಆಗಲೇ ಮಂಜಾಗಿತ್ತು, ಗೊತ್ತಾಗಲಿಲ್ಲ. ಆಮೇಲೆ ಇನ್ನೊಂದು, ಮತ್ತೊಂದು. ಒಟ್ಟು ಏಳು. ಏಳನೆಯದು, ಒಂದೂವರೆ ವರ್ಷದ ಹಿಂದೆ, ಕರಿಯ.

ಕೈ ಬಿಟ್ಟ ಮೇಲೂ ಒಂದು ಗಳಿಗೆ ಕೂಗ್ತಾನೇ ಇರ್ತಾನೆ.

ಅಕ್ಕನ ಕೈಯಿಂದ ಸ್ಲೈಡು ಜಾರಿ ಕೇಬಲ್ಲಿನಲ್ಲಿ ತೂಗಾಡಿತು. "ಅಪ್ಪಾ," ಎಂದಳು, "ಕರಿಯನಿಗೂ ಕಡ್ಡಿ ಹಾಕಿದ್ದೀನಿ. ನಾನೇ."

ಮುದುಕರ ಮುಖದಲ್ಲಿ ರಕ್ತ ಇಂಗಿಹೋಯಿತು. ಅಪಾಯದ ಗಾಡಿಯನ್ನು ಮೇಜಿನ ಮೇಲೆ ಬಿಚ್ಚಿಟ್ಟುಕೊಂಡು ಕಾವಲು ಕೂತಿದ್ದರು ಇಬ್ಬರೂ. ಅಪಾಯ ಬೀಗದ ಕೈ ಹಾಕಿಸಿಕೊಂಡು ಅವರ ಕಣ್ಣೆದುರೇ ಹೊರಟುಹೋಗಿತ್ತು.

ಮೊಬೈಲಿಗೆ ಕರೆ ಮಾಡಿದಳು. ರಿಂಗಾಯಿತು, ಆಗುತ್ತಲೇ ಇತ್ತು. ಗಾಡಿ ಓಡಿಸುವಾಗ ಫೋನ್ ಎತ್ತಬೇಡ ಎಂದು ಗುಬ್ಬಿಗೆ ಕಿವಿ ಹಿಂಡಿ ಹೇಳಿಕೊಟ್ಟವಳು ಇವಳೇ. ಎರಡನೇ ಸಲಕ್ಕೆ ರಿಂಗೂ ಆಗಲಿಲ್ಲ. ಊರು ದಾಟಿದರೆ ಗುಡ್ಡದ ಕಡೆ ಸಿಗ್ನಲ್ ಇಲ್ಲ. ಆರೋಗ್ಯ ಕೇಂದ್ರಕ್ಕೆ ಮಾಡಿದರೆ ಎತ್ತುವವರಾರು, ಬೀಗದ ಕೈ ಗುಬ್ಬಿಯ ಬ್ಯಾಗಿನಲ್ಲಿದೆ. ಗ್ಯಾರೇಜಿನಲ್ಲಿ ಇನ್ನೆರಡು ಗಾಡಿಗಳಿದ್ದವು. ಒಂದಕ್ಕೆ ಚಕ್ರವಿಲ್ಲ, ಇನ್ನೊಂದರ ಎಂಜಿನ್ನು ಬುಟ್ಟಿಯಲ್ಲಿತ್ತು. ಎದುರು ಮನೆಯ ಟೈಲರನ ಹತ್ತಿರ ಇರುವುದು ಸೈಕಲ್ಲು.

"ಜೋಡಿಸು," ಎಂದರು ಅಪ್ಪ. "ಇದನ್ನೇ ಜೋಡಿಸು. ಹತ್ತು ನಿಮಿಷ."

ಅಕ್ಕ ನುಣುಪು ಉಪ್ಪುಕಾಗದ ಮಡಚಿ ಸ್ಲೈಡಿನ ಮುಳ್ಳನ್ನು ಉಜ್ಜತೊಡಗಿದಳು. ಅಪ್ಪ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಲೋಟ ಹಿಡಿದರೆ ನೀರು ಚೆಲ್ಲುವ ಆ ಕೈಗಳು ಜೆಟ್ಟು ಮುಟ್ಟಿದ ಕೂಡಲೇ ನಡುಕ ಬಿಟ್ಟವು. ಕಣ್ಣು ಮುಚ್ಚಿಕೊಂಡೇ ಸಣ್ಣ ಜೆಟ್ಟು ಹಾಕಿದರು, ದೊಡ್ಡದು ಹಾಕಿದರು, ಬೌಲಿನಲ್ಲಿ ತೇಲುವ ಫ್ಲೋಟಿನ ಅಚ್ಚು ತೂರಿಸಿದರು, ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗೆ ಪೆಟ್ರೋಲ್ ಸೇರಿಲ್ಲವೆಂದು ಖಾತ್ರಿ ಮಾಡಿಕೊಂಡರು. ಗಡಿಯಾರ ತನ್ನ ಪಾಡಿಗೆ ಬಡಬಡಿಸುತ್ತಿತ್ತು. ಒಂಬತ್ತು ಇಪ್ಪತ್ತೆರಡು. ಗುಬ್ಬಿ ಈಗ ಗುಡ್ಡದ ಬುಡದಲ್ಲಿರಬೇಕು. ಹತ್ತುವವರೆಗೆ ಭಯವಿಲ್ಲ. ಹತ್ತುವವರೆಗೆ ಮಾತ್ರ.

"ಕೊಡು ಇಲ್ಲಿ." ಅಪ್ಪ ಸ್ಲೈಡಿನ ಗೆರೆಯಲ್ಲಿ ಉಗುರೆಳೆದರು. "ಇನ್ನೂ ಇದೆ. ಉಜ್ಜು."

ಉಜ್ಜಿದಳು.

"ಇನ್ನೂ ಇದೆ."

ಮತ್ತೆ ಉಜ್ಜಿದಳು. ಕಣ್ಣೀರು ಉಪ್ಪುಕಾಗದದ ಮೇಲೆ ಬೀಳುತ್ತಿತ್ತು, ಒರೆಸಿಕೊಳ್ಳಲು ಮೂರನೇ ಕೈ ಇರಲಿಲ್ಲ. ಕಾರ್ಬೊರೇಟರನ್ನು ಗಾಡಿಗೆ ಬಿಗಿದು, ಸ್ಲೈಡು ಇಳಿಸಿ, ಮುಚ್ಚಳ ತಿರುಗಿಸಿ, ರೈಸ್ ಕೊಟ್ಟು ಕೈ ಬಿಟ್ಟಳು. ಟಪ್. ಅಪ್ಪ ಕಿವಿಯಿಟ್ಟು ಕೇಳುತ್ತಿದ್ದರು. "ಇನ್ನೊಂದ್ಸಲ." ಟಪ್. "ಇನ್ನೊಂದ್ಸಲ." ಟಪ್. ನಾಲ್ಕು ವರ್ಷದ ಹಿಂದೆ ಸ್ಟೇಷನ್ ಅಂಗಳದಲ್ಲಿ ಕೇಳಿದ ಅದೇ ಸದ್ದು. ಪ್ರತಿ ಸಲವೂ ಅಪ್ಪನ ರೆಪ್ಪೆ ಹಾರುತ್ತಿತ್ತು.

"ಎಡಗೈ ಬೀಗದ ಹತ್ತಿರಾನೇ ಇರಲಿ," ಎಂದರು. "ಏನಾದ್ರೂ ಆದ್ರೆ ಮೊದಲು ಆಫ್ ಮಾಡು."

ಮೂರನೇ ಒದೆತಕ್ಕೆ ಎಂಜಿನ್ನು ಹಿಡಿಯಿತು. ಒಬ್ಬರ ಪ್ರಾಣ ತೆಗೆದ ಗಾಡಿಯ ಮೇಲೆ ಕೂತು ಅಕ್ಕ ಇನ್ನೊಬ್ಬರ ಪ್ರಾಣ ಉಳಿಸಲು ಹೊರಟಳು. ಅದಾದರೋ ಏನೂ ಅರಿಯದಂತೆ, ತುಂಟತನವೆಲ್ಲ ಬಿಟ್ಟು, ಹೇಳಿದ ಮಾತು ಕೇಳಿಕೊಂಡು ಓಡಿತು.

ಗುಡ್ಡದ ನೆತ್ತಿಯಲ್ಲಿ ಎಂಜಿನ್ ಆಫ್ ಮಾಡಿ ಕಿವಿಗೊಟ್ಟಳು. ಕೆಳಗಿನಿಂದ ಯಾವ ಸದ್ದೂ ಇಲ್ಲ. ಸದ್ದು ಬಂದರೆ ಭಯ, ಬಾರದಿದ್ದರೆ ಇನ್ನೂ ಭಯ. ಮೊದಲ ತಿರುವು ಇಳಿದಳು, ಕಟ್ಟೆ ಸರಿಯಾಗಿತ್ತು. ಎರಡನೆಯದೂ ಸರಿಯಾಗಿತ್ತು. ಮೂರನೆಯ ತಿರುವಿನ ಕಟ್ಟೆಯಲ್ಲಿ ಒಂದು ಗಾಡಿಯಗಲ ಮಾತ್ರ ಹೊಸ ಕಲ್ಲು, ಹೊಸ ಸುಣ್ಣ. ಅದನ್ನು ನೋಡದೆ ದಾಟಲು ಪ್ರಯತ್ನಿಸಿ, ನೋಡಿಯೇ ದಾಟಿದಳು. ನಾಲ್ಕು. ಐದನೆಯದಕ್ಕೆ ತಿರುಗಿದಾಗ ರಸ್ತೆಯ ಮೇಲೆ ಟೈರು ಉಜ್ಜಿದ ಕರಿಗೆರೆ ಕಾಣಿಸಿತು. ಕಟ್ಟೆಯ ಕಡೆಗೆ ನೇರವಾಗಿ ಹೋಗಿದ್ದ ಗೆರೆ, ಒಂದು ಮಾರು ಉಳಿದಾಗ, ಸೊಟ್ಟಗೆ ತಿರುಗಿ ಮಣ್ಣಿನ ದಿಣ್ಣೆಯ ಕಡೆಗೆ ಓಡಿತ್ತು.

ಕರಿಯ ದಿಣ್ಣೆಗೆ ಮೂತಿ ತೂರಿಸಿ ಬಿದ್ದಿದ್ದ. ಗುಬ್ಬಿ ಪಕ್ಕದ ಕಲ್ಲಿನ ಮೇಲೆ ಕೂತು, ಕೆತ್ತಿಹೋದ ಮೊಣಕೈಗೆ ತನ್ನದೇ ಬ್ಯಾಗಿನ ಹತ್ತಿ ಒತ್ತಿಕೊಂಡಿದ್ದಳು. ಬಿಳಿ ಯೂನಿಫಾರ್ಮೆಲ್ಲ ಕೆಮ್ಮಣ್ಣು.

ಅಕ್ಕ ಗಾಡಿ ನಿಲ್ಲಿಸಿದಳೋ ಬಿಟ್ಟಳೋ ಅವಳಿಗೇ ಗೊತ್ತಿಲ್ಲ. ಓಡಿಹೋಗಿ ಆ ಹುಡುಗಿಯ ತಲೆಯನ್ನು ಎದೆಗೆ ಒತ್ತಿಕೊಂಡು, ಎಲುಬು ಎಲುಬು ಮುಟ್ಟಿ ನೋಡಿ, ಬಿಕ್ಕಿ ಬಿಕ್ಕಿ ಅತ್ತಳು.

"ಕೈ ಬಿಟ್ಟೆ ಅತ್ತಿಗೆ, ಅವನು ಬಿಡಲೇ ಇಲ್ಲ," ಎಂದಳು ಗುಬ್ಬಿ. ಹಲ್ಲು ಕಟಕಟಿಸುತ್ತಿತ್ತು. "ಕೂಗ್ತಾನೇ ಇದ್ದ. ಬ್ರೇಕ್ ಹಾಕಿದ್ರೂ ಎಳ್ಕೊಂಡು ಹೋಗ್ತಿದ್ದ. ಏನಾದ್ರೂ ಆದ್ರೆ ಮೊದಲು ಆಫ್ ಮಾಡು ಅಂತ ನೀವು ಹೇಳಿದ್ರಲ್ಲ, ಅದೊಂದೇ ನೆನಪಾಯ್ತು. ಒಳಗೆ ಏನೋ ಕಸ ಸಿಕ್ಕಿರಬೇಕು, ಅಲ್ವಾ?"

ಅಕ್ಕ ಕರಿಯನ ಬಳಿ ಮಂಡಿಯೂರಿ ಮುಚ್ಚಳ ತಿರುಗಿಸಿದಳು. ಸ್ಪ್ರಿಂಗು ಮೇಲೆದ್ದಿತು. ಸ್ಲೈಡು ಏಳಲಿಲ್ಲ, ಇಳಿಯಲೂ ಇಲ್ಲ. ಮೇಲೆಯೇ ಕಚ್ಚಿಕೊಂಡು ನಿಂತಿತ್ತು. ಅದರ ಪಕ್ಕದಲ್ಲಿ ಅವಳದೇ ಕಡ್ಡಿ ಚೂರು ಹೊಸದರಂತೆ ಮಿಂಚುತ್ತಿತ್ತು. ಅವಳ ಹೆಬ್ಬೆರಳು, ಯಾರೂ ಹೇಳದೆಯೇ, ಸ್ಲೈಡಿನ ನೆತ್ತಿಯ ಮೇಲೆ ಹೋಗಿ ಕೂತಿತು. ಒಂದು ಸಲ ಒತ್ತಿದರೆ ಸಾಕು. ಹೌದು, ಕಸ ಎಂದರೆ ಸಾಕು. ಗುಬ್ಬಿ ನಂಬಿಯೇ ಬಿಟ್ಟಿದ್ದಳು. ಒತ್ತುವುದು ಎಷ್ಟು ಸುಲಭ ಎಂದು ಅಕ್ಕನಿಗೆ ಆಗ ಗೊತ್ತಾಯಿತು, ಅಪ್ಪ ನಾಲ್ಕು ವರ್ಷ ಹೇಗೆ ಬದುಕಿದರು ಎಂಬುದೂ ಗೊತ್ತಾಯಿತು. ಅವಳು ಬೆರಳು ತೆಗೆದಳು.

"ಕಸ ಅಲ್ಲ. ಬಾ ಇಲ್ಲಿ, ನೋಡು. ಇದು ನಾನು ಹಾಕಿದ ಪಿನ್ನು. ನನ್ನಿಂದ ನೀನು ಸಾಯ್ತಿದ್ದೆ."

ಗುಬ್ಬಿ ನೋಡಿದಳು. ಬೆರಳಿಂದ ಪಿನ್ನನ್ನು ಮುಟ್ಟಿದಳು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು, "ಇದೊಂದಕ್ಕೇನಾ ಹಾಕಿದ್ದು?"

"ಏಳಕ್ಕೆ." ಅಕ್ಕ ಎದ್ದು ನಿಂತಳು. "ಇವತ್ತೇ ಏಳೂ ಮನೆಗೆ ಹೋಗಿ ಹೇಳ್ತೀನಿ. ಉಗಿದ್ರೆ ಉಗೀಲಿ. ಮೊದಲು..."

ಮಾತು ಅಲ್ಲಿಗೇ ನಿಂತಿತು. ಮೇಲಿನ ತಿರುವಿನಿಂದ ಎಂಜಿನ್ ಸದ್ದು ಇಳಿದು ಬರುತ್ತಿತ್ತು. ಬೀದಿಯ ಪ್ರತಿ ಗಾಡಿಯ ದನಿಯೂ ಅಕ್ಕನಿಗೆ ಗೊತ್ತು. ಇದಂತೂ ಮೂರು ವರ್ಷದಿಂದ ದಿನಾ ಬೆಳಗ್ಗೆ ಕೇಳುವ ದನಿ. ಊರೊಳಗಿನ ಗಲ್ಲಿಗಳನ್ನು ಮುಗಿಸಿಕೊಂಡು ಮೊಟ್ಟೆಯವನು ಗುಡ್ಡದಾಚೆಯ ಹಳ್ಳಿಗಳಿಗೆ ಹೊರಟಿದ್ದ. ಬೆನ್ನ ಹಿಂದೆ ಟ್ರೇಗಳ ಗೋಪುರ.

ಅಕ್ಕ ರಸ್ತೆಯ ನಡುವೆ ಓಡಿ ಎರಡೂ ಕೈ ಮೇಲೆತ್ತಿ ಬೀಸಿದಳು. "ನಿಲ್ಲು! ಆಫ್ ಮಾಡು! ಬೀಗ ಆಫ್ ಮಾಡು!"

ಅವನ ಮುಖವೆಲ್ಲ ಅರಳಿತು. ಇಷ್ಟು ಜೋರಾಗಿ ಅಕ್ಕ ಯಾವತ್ತೂ ಕೈ ಬೀಸಿರಲಿಲ್ಲ. ನಿಲ್ಲುವವನಲ್ಲ ಅವನು, ಅವಳನ್ನು ಬಳಸಿಕೊಂಡು ನಾಜೂಕಾಗಿ ಪಕ್ಕಕ್ಕೆ ಹೋದ. ಎಡಗೈ ಎತ್ತಿ ಬೀಸಿ, "ಅಕ್ಕಾ, ಗಾಡಿ ಬೆಣ್ಣೆ ಬೆಣ್ಣೆ!" ಎಂದು ಕೂಗಿ, ಆರನೇ ತಿರುವಿನ ಕಡೆಗೆ ಇಳಿದ.

ತಿರುವು ಬಂದಾಗ ಅವನು ರೈಸ್ ಬಿಟ್ಟದ್ದು ಅಕ್ಕನಿಗೆ ಕಾಣಿಸಿತು. ಗಾಡಿಯ ಕೂಗು ಇಳಿಯಲಿಲ್ಲ.

ಅವಳು ಕೆಂಪು ಬೈಕಿನ ಕಡೆಗೆ ಓಡಿದಳು.